ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ



ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಈ ಹಬ್ಬವನ್ನು ಕಾರ್ಮಿಕರ ದಿನದಂದೇ ಇಟ್ಟರು. ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಸಿಗುವುದಿಲ್ಲ. ಯೇಸುಸ್ವಾಮಿಯನ್ನು ಹಗುರ ಮಾಡಬೇಕೆಂದ ಊರಿನವರಿಗೆ, ಮತ್ತಾಯರು ಬರೆದಂತೆ, ಜೋಸೆಫರ ಹೆಸರೂ ಬೇಕಾಗಲಿಲ್ಲ. ಬಡಗಿಯ ಮಗ ಎಂದರೆ ಸಾಕಾಯಿತು. ದುಡಿಯುವವನನ್ನು ಹೆಸರಿಲ್ಲದೆ, ಕೆಲಸದ ಉಪಕರಣದಂತೆ ಕಾಣುವ ರೂಢಿ ನಮ್ಮಲ್ಲೂ ಹೋಗಿಲ್ಲ. ಹಾಗೆ ಕಾಣಲ್ಪಟ್ಟವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಈ ಹಬ್ಬದ ಹೊತ್ತಿನಲ್ಲಿ ವಿಚಾರ ಮಾಡೋಣ.

1971ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ಎಂಬ ಮನಶ್ಶಾಸ್ತ್ರಜ್ಞರು ನೆಲಮಾಳಿಗೆಯಲ್ಲಿ ಒಂದು ನಕಲಿ ಸೆರೆಮನೆ ಮಾಡಿದರು. ಆರಿಸಿಕೊಂಡ ಯುವಕರಲ್ಲಿ ಕೆಲವರು ಕಾವಲುಗಾರರು, ಕೆಲವರು ಕೈದಿಗಳು. ಕೈದಿಗಳ ನಿಲುವಂಗಿಯ ಮೇಲೆ ಒಂದು ಸಂಖ್ಯೆ. ಅವರನ್ನು ಕರೆಯುವುದೂ ಆ ಸಂಖ್ಯೆಯಿಂದಲೇ. ಎರಡನೆಯ ದಿನ ಬೆಳಿಗ್ಗೆಯೇ ದಂಗೆಯಾಯಿತು. ಕೈದಿಗಳು ಮಂಚಗಳನ್ನು ಬಾಗಿಲಿಗೆ ಅಡ್ಡವಿಟ್ಟರು, ಮೈಮೇಲಿನ ಸಂಖ್ಯೆಗಳನ್ನು ಕಿತ್ತು ಹಾಕಿದರು. ದಂಗೆಯನ್ನು ಅಡಗಿಸಿದ ಮೇಲೆ ಬಹಳ ಮಂದಿ ಹೇಳಿದಂತೆ ಕೇಳುವ ಬೊಂಬೆಗಳಾದರು. ಅವರಲ್ಲಿ 819 ಎಂಬ ಕೈದಿ ಅಳುತ್ತಾ ಕುಳಿತಿದ್ದ. ಹೊರಗೆ ಹೋಗು ಎಂದರೂ ಹೋಗಲೊಲ್ಲ. ತಾನು ಕೆಟ್ಟ ಕೈದಿಯಲ್ಲವೆಂದು ತೋರಿಸಬೇಕಂತೆ! ನೀನು 819 ಅಲ್ಲ ಎಂದು ಹೇಳಿ, ಅವನ ಸ್ವಂತ ಹೆಸರನ್ನು ನೆನಪಿಸಿದಾಗ ಅವನ ಅಳು ನಿಂತಿತು ಎಂದು ಜಿಂಬಾರ್ಡೊ ಬರೆದಿದ್ದಾರೆ. ಎರಡು ವಾರ ನಡೆಯಬೇಕಿದ್ದ ಪ್ರಯೋಗವನ್ನು ಆರನೆಯ ದಿನಕ್ಕೇ ನಿಲ್ಲಿಸಬೇಕಾಯಿತು.

ಈ ಪ್ರಯೋಗವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕಠಿಣವಾಗಿ ನಡೆದುಕೊಳ್ಳುವಂತೆ ಕಾವಲುಗಾರರಿಗೆ ಮೊದಲೇ ಸೂಚನೆ ಕೊಡಲಾಗಿತ್ತೆಂದು ಫ್ರಾನ್ಸಿನ ಸಂಶೋಧಕರೊಬ್ಬರು ಹಳೆಯ ಕಾಗದಪತ್ರಗಳನ್ನು ಶೋಧಿಸಿ 2018ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಅಧಿಕಾರ ಸಿಕ್ಕಿದವರೆಲ್ಲ ತಾವಾಗಿಯೇ ಕ್ರೂರಿಗಳಾಗುತ್ತಾರೆಂದು ಇದರಿಂದ ಹೇಳಲಾಗದು. ನಮಗೆ ಮುಖ್ಯವಾದದ್ದು ಇನ್ನೊಂದು ಬದಿ. ಸಂಖ್ಯೆಯಾದ ಮನುಷ್ಯ ಮೊದಲು ಸಿಡಿದ, ಅನಂತರ ಮುದುಡಿದ. ಅಂಥ ಮುದುಡುವಿಕೆಯನ್ನು ನಾವು ವಿಧೇಯತೆ ಎಂದು ಹೊಗಳುವುದುಂಟು.

ಸಿಡಿಯಲಾಗದ ಕೋಪ ಎಲ್ಲಿಗೆ ಹೋಗುತ್ತದೆ? ಇದಕ್ಕೆ ನಮ್ಮ ಹಿರಿಯರು ಎಂದೋ ಗಾದೆ ಕಟ್ಟಿದ್ದಾರೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ವಾಂಸರು 1939ರಲ್ಲಿ ಇದನ್ನೇ ಶಾಸ್ತ್ರದ ಮಾತಿನಲ್ಲಿ ಹೇಳಿದರು: ನೋಯಿಸಿದವನು ಬಲಶಾಲಿಯಾಗಿದ್ದರೆ, ಶಿಕ್ಷೆಯ ಭಯದಿಂದ ಕೋಪವು ದಿಕ್ಕು ಬದಲಿಸಿ ಕೈಗೆ ಸಿಕ್ಕುವ ದುರ್ಬಲನ ಮೇಲೆ ತಿರುಗುತ್ತದೆ. ನೊಂದವರೆಲ್ಲ ಹೊಡೆಯುವುದಿಲ್ಲವೆಂದು ಎರಡೇ ವರ್ಷದಲ್ಲಿ ಅವರಲ್ಲೊಬ್ಬರು ತಿದ್ದುಪಡಿಯನ್ನೂ ಮಾಡಿದರು.

ನಮ್ಮ ಮನೆಗಳನ್ನೇ ನೋಡೋಣ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ನಿಂತು, "ಏಯ್ ಸೆಕ್ಯುರಿಟಿ" ಎನ್ನಿಸಿಕೊಂಡು ಬಂದ ತಂದೆ ಅಲ್ಲಿ ಬಾಯಿ ತೆರೆಯುವಂತಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಹಾರುತ್ತದೆ. ಪೆಟ್ಟು ತಿಂದ ತಾಯಿ ಮಗನನ್ನು ಗದರುತ್ತಾಳೆ, ಮಗ ತಂಗಿಯ ಜಡೆ ಎಳೆಯುತ್ತಾನೆ. ತಂದೆಯ ತಪ್ಪು ತಪ್ಪೇ. ಹೊರಗಿನ ಅವಮಾನ ಅದಕ್ಕೆ ಪರವಾನಗಿಯಲ್ಲ. ಆದರೆ ಆ ಗೇಟಿನೊಳಗಿನ ಫ್ಲ್ಯಾಟಿನಲ್ಲಿ ನಮ್ಮವರೂ ಇದ್ದಾರಲ್ಲವೇ? ಮನೆಗೆಲಸದಾಕೆಗೆ ಬೇರೆ ಲೋಟ ಇಡುವ, ಐವತ್ತು ದಾಟಿದವರನ್ನೂ "ಆಫೀಸ್ ಬಾಯ್" ಎನ್ನುವ ನಾವು ಎಸೆದ ಕಲ್ಲು ಯಾರದೋ ಮನೆಯ ಮಗುವಿಗೆ ತಾಗುತ್ತದೆ.

"ಬಾಯ್" ಎಂಬ ಆ ಪದವೇ ಅಮೆರಿಕದ ಮೆಂಫಿಸ್ ನಗರದ ಕಪ್ಪು ವರ್ಣದ ಪೌರಕಾರ್ಮಿಕರನ್ನೂ ಚುಚ್ಚುತ್ತಿತ್ತು. ಮಕ್ಕಳಿರುವ ಗಂಡಸರನ್ನು ಬಿಳಿಯರು ಹುಡುಗ ಎಂದೇ ಕರೆಯುತ್ತಿದ್ದರು. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಇಬ್ಬರನ್ನು ಕಸ ಅದುಮುವ ಯಂತ್ರ ಅರೆದು ಕೊಂದಿತು. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಸಿಡಿಯಲು ಅವರಿಗಿಂತ ದೊಡ್ಡ ಕಾರಣ ಬೇಕಿತ್ತೇ? ಮಾರ್ಚ್ 28ರ ಮೆರವಣಿಗೆಯಲ್ಲಿ ಕೆಲವರು ಅಂಗಡಿಗಳ ಗಾಜು ಒಡೆದರು, ಪೊಲೀಸರ ಗುಂಡಿಗೆ ಹದಿನಾರರ ಹುಡುಗನೊಬ್ಬ ಬಲಿಯಾದ. ಮರುದಿನವೇ ಕಾರ್ಮಿಕರು, ಬಂದೂಕಿಗೆ ಕತ್ತಿ ಸಿಕ್ಕಿಸಿ ನಿಂತ ಸೈನಿಕರ ಮುಂದೆ ಸಾಲಾಗಿ, ಕಲ್ಲೆತ್ತದೆ ನಡೆದರು. ಏಪ್ರಿಲ್ 4ರಂದು ಅವರ ಬೆಂಬಲಕ್ಕೆ ಬಂದಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅದೇ ಊರಿನಲ್ಲಿ ಹತರಾದರು. ಏಪ್ರಿಲ್ 16ರಂದು ನಗರಾಡಳಿತ ಅವರ ಸಂಘವನ್ನು ಒಪ್ಪಿ, ಕೂಲಿ ಹೆಚ್ಚಿಸಿತು.

ಆ ಸಾಲಿನಲ್ಲಿ ನಡೆದವರ ಫಲಕದಲ್ಲಿ ಕೂಲಿಯ ಮಾತೇ ಇರಲಿಲ್ಲ. ನಾನು ಮನುಷ್ಯ ಎಂದಷ್ಟೇ ಬರೆದಿತ್ತು. ಇಂಗ್ಲಿಷಿನ ಆ ನಾಲ್ಕು ಪದಗಳಲ್ಲಿ ಎರಡನೆಯದರ ಕೆಳಗೆ ಗೆರೆ ಎಳೆದಿದ್ದರು. ಕನ್ನಡದಲ್ಲಿ ಆ ಗೆರೆಗೆ "ಹೌದು" ಎಂಬ ಪದವನ್ನು ಸೇರಿಸಿ ಓದಬೇಕು: ಹೌದು, ನಾನು ಮನುಷ್ಯ.