ಮೊಹರಂ ಮೂಲಕ ಇಸ್ಲಾಂ ನಂಬಿಕೆಯ ನಾಲ್ಕು ಪದಗಳು

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಮಕ್ಕಳಿಗೆ ಇಸ್ಲಾಂ ಧರ್ಮದ ಪಾಠ ಮಾಡುವಾಗ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂ ಒಳ್ಳೆಯ ಉದಾಹರಣೆ. ನನ್ನ ಅಭ್ಯಾಸ ಬೋಧನೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: “ಸರ್, ಅಲ್ಲಾ ಒಬ್ಬನೇ ಅಂದ್ರ ಅಲಾಯಿ ದೇವ್ರು ಯಾರ್ರೀ?” ಉತ್ತರಕ್ಕೆ ಈ ಪದಗಳು ಬೇಕು.

1. ತೌಹೀದ್: ದೇವರು ಒಬ್ಬನೇ, ಅವನಿಗೆ ಸಮಾನರಿಲ್ಲ ಎಂಬ ಮೂಲ ನಂಬಿಕೆ.
2. ರಿಸಾಲತ್: ದೇವರು ಪ್ರವಾದಿಗಳ ಮೂಲಕ ಸಂದೇಶ ಕಳುಹಿಸಿದನು, ಮುಹಮ್ಮದರು ಕೊನೆಯ ಪ್ರವಾದಿ.
3. ಆಖಿರತ್: ಸತ್ತ ಮೇಲೆ ಮತ್ತೆ ಎದ್ದು, ಮಾಡಿದ್ದರ ಲೆಕ್ಕ ಒಪ್ಪಿಸಬೇಕಾದ ಪರಲೋಕ.
4. ಶಹಾದತ್: ಸಾಕ್ಷ್ಯ. ಮೊದಲೆರಡು ನಂಬಿಕೆಗಳನ್ನು ಬಾಯಿಬಿಟ್ಟು ಸಾರುವುದೂ ಶಹಾದತ್, ನಂಬಿಕೆಗಾಗಿ ಪ್ರಾಣ ಕೊಡುವುದೂ ಶಹಾದತ್.

ಪ್ರವಾದಿಯವರ ಮೊಮ್ಮಗ ಹುಸೇನರು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದರು. ಅಲಾಯಿಯ ಪಂಜಾಗಳು ಆ ಶಹಾದತ್‌ನ ನೆನಪು. ‘ದೇವರು’ ಎನ್ನುವುದು ನಮ್ಮ ಸೀಮೆಯ ಭಕ್ತಿಯ ಮಾತು. ಹಿಂದೂಗಳೂ ಮುಸ್ಲಿಮರೂ ಅಲ್ಲಿ ಹರಕೆ ಹೊರುತ್ತಾರೆ. ಅದು ತೌಹೀದ್‌ಗೆ ಹೊಂದದು ಎನ್ನುವ ಮುಸ್ಲಿಮರೂ ಇದ್ದಾರೆ. ಶಿಕ್ಷಕರು ಎರಡನ್ನೂ ಹೇಳಬೇಕು, ತೀರ್ಪು ಕೊಡಬಾರದು. ಎರಡೂ ಬಗೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ.