ಬರಹಕ್ಕೊಂದು ಕೊಂಡಿ, ಕೊಂಡಿಗೊಂದು ಕಮಿಷನ್

ಪರೀಕ್ಷೆಗಳು ಮುಗಿದು ರಜೆ ಶುರುವಾಗುವ ಹೊತ್ತಿಗೆ ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು. ಮನೆಯಲ್ಲೇ ಕುಳಿತು, ಆನ್‌ಲೈನ್‌ನಲ್ಲಿ ಬರೆದು ಹಣ ಸಂಪಾದಿಸಬಹುದಂತೆ ಎಂದು ಮಕ್ಕಳು ಹೇಳುತ್ತಾರೆ. ಓದುವುದನ್ನು ಬಿಟ್ಟು ಇದೆಲ್ಲಿಯ ಹೊಸ ಹುಚ್ಚು ಎಂದು ಹಿರಿಯರು ಗದರುತ್ತಾರೆ. ಎರಡೂ ಮಾತುಗಳಲ್ಲಿ ಅರ್ಧರ್ಧ ನಿಜವಿದೆ. ಬರೆದು ಸಂಪಾದಿಸುವ ದಾರಿ ಇರುವುದು ನಿಜ. ಆ ದಾರಿಯ ಹೆಸರು ಹೇಳಿಕೊಂಡು ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕುವವರು ಇರುವುದೂ ನಿಜ. ಇವೆರಡನ್ನು ಬೇರ್ಪಡಿಸಿ ನೋಡುವುದು ಹೇಗೆ?

ಈ ದಾರಿಗೆ ಇಂಗ್ಲಿಷಿನಿಂದ ಬಂದ ಹೆಸರು ಅಫಿಲಿಯೇಟ್ ಮಾರ್ಕೆಟಿಂಗ್. ಹೆಸರು ಹೊಸದಾದರೂ ವ್ಯವಹಾರ ನಮ್ಮವರಿಗೆ ಅಪರಿಚಿತವೇನಲ್ಲ.

ಹಳೆಯ ದಲ್ಲಾಳಿ, ಹೊಸ ಮಂಡಿ

ಮನೆ ಬಾಡಿಗೆಗೆ ಹುಡುಕುವವನನ್ನು ಮಾಲೀಕನ ಬಳಿಗೆ ಕರೆದೊಯ್ಯುವ ದಲ್ಲಾಳಿ ವ್ಯವಹಾರ ಕುದುರಿದರೆ ಕಮಿಷನ್ ಪಡೆಯುತ್ತಾನೆ, ಕುದುರದಿದ್ದರೆ ಬರಿಗೈಯಲ್ಲಿ ಮರಳುತ್ತಾನೆ. ಅಫಿಲಿಯೇಟ್ ಬರಹಗಾರನ ಕೆಲಸವೂ ಹೆಚ್ಚು ಕಡಿಮೆ ಇದೇ. ಆತ ಒಂದು ಪುಸ್ತಕದ ಬಗ್ಗೆಯೋ, ಮಿಕ್ಸಿಯ ಬಗ್ಗೆಯೋ ತನ್ನ ಜಾಲತಾಣದಲ್ಲಿ ಲೇಖನ ಬರೆಯುತ್ತಾನೆ. ಅದನ್ನು ಮಾರುವ ಆನ್‌ಲೈನ್ ಅಂಗಡಿಗೆ ಲೇಖನದಲ್ಲೊಂದು ಕೊಂಡಿ, ಅಂದರೆ ಲಿಂಕ್, ಇಡುತ್ತಾನೆ. ಆ ಕೊಂಡಿಯಲ್ಲಿ ಬರಹಗಾರನ ಗುರುತಿನ ಸಂಖ್ಯೆ ಅಡಗಿರುತ್ತದೆ. ಓದುಗ ಅದನ್ನು ಒತ್ತಿದಾಗ ಅವನ ಫೋನು ಅಥವಾ ಕಂಪ್ಯೂಟರಿನಲ್ಲಿ 'ಕುಕಿ' ಎಂಬ ಪುಟ್ಟ ಗುರುತು ಚೀಟಿ ಕುಳಿತುಕೊಳ್ಳುತ್ತದೆ. ನಿಗದಿತ ಅವಧಿಯೊಳಗೆ ಓದುಗ ವಸ್ತುವನ್ನು ಕೊಂಡರೆ ಅಂಗಡಿಯವರು ಬೆಲೆಯ ಒಂದು ಪಾಲನ್ನು ಬರಹಗಾರನಿಗೆ ಕೊಡುತ್ತಾರೆ. ಓದುಗನಿಗೆ ಬೆಲೆಯೇನೂ ಹೆಚ್ಚುವುದಿಲ್ಲ. ಕೊಂಡವನು ವಸ್ತುವನ್ನು ವಾಪಸು ಮಾಡಿದರೆ ಕಮಿಷನ್ನೂ ವಾಪಸು.

ಈ ಪದ್ಧತಿ ಇಂದು ನಿನ್ನೆಯದಲ್ಲ. ಅಮೆರಿಕದಲ್ಲಿ ಸಂಗೀತದ ಸಿ.ಡಿ. ಮಾರುತ್ತಿದ್ದ ಸಿಡಿನೌ ಎಂಬ ಕಂಪನಿ 1994ರಲ್ಲೇ ಇಂಥ ಏರ್ಪಾಡು ಆರಂಭಿಸಿತ್ತು. ಆಗಿನ್ನೂ ಪುಸ್ತಕದಂಗಡಿಯಾಗಿದ್ದ ಅಮೆಜಾನ್ 1996ರ ಜುಲೈನಲ್ಲಿ ತನ್ನ 'ಅಸೋಸಿಯೇಟ್ಸ್' ಯೋಜನೆಯನ್ನು ತಂದ ಮೇಲೆ ಇದು ಮನೆಮಾತಾಯಿತು. ಪುಸ್ತಕ ಓದಿ ನಾಲ್ಕು ಮಾತು ಬರೆಯುವ ಯಾರು ಬೇಕಾದರೂ ಪುಸ್ತಕ ವ್ಯಾಪಾರಿಯ ಪಾಲುದಾರರಾಗುವ ಅವಕಾಶ ಮೊದಲ ಬಾರಿಗೆ ಸಾಮಾನ್ಯರಿಗೆ ದೊರೆಯಿತು.

ಲೆಕ್ಕ ಹಾಕಿ ನೋಡಿದರೆ

ಎಷ್ಟು ಹಣ ಬಂದೀತು? ಎಲ್ಲರ ಮೊದಲ ಪ್ರಶ್ನೆ ಇದೇ. ಉತ್ತರಕ್ಕೆ ಕಾಗದ, ಪೆನ್ಸಿಲ್ ಸಾಕು.

ಒಂದು ಲೇಖನವನ್ನು ತಿಂಗಳಿಗೆ 1,000 ಮಂದಿ ಓದುತ್ತಾರೆಂದು ಇಟ್ಟುಕೊಳ್ಳೋಣ. ಅವರಲ್ಲಿ 50 ಮಂದಿ ಕೊಂಡಿಯನ್ನು ಒತ್ತಿ, ಆ 50ರಲ್ಲಿ ಇಬ್ಬರು 400 ರೂಪಾಯಿಯ ಪುಸ್ತಕ ಕೊಂಡರೆಂದು ಭಾವಿಸೋಣ. ಕಮಿಷನ್ ಶೇ 5ರಂತೆ ಒಂದು ಪುಸ್ತಕಕ್ಕೆ 20 ರೂಪಾಯಿ. ಅಲ್ಲಿಗೆ ತಿಂಗಳ ಸಂಪಾದನೆ 40 ರೂಪಾಯಿ! ಇದೇ ಲೆಕ್ಕದಲ್ಲಿ ತಿಂಗಳಿಗೆ 4,000 ರೂಪಾಯಿ ಬರಬೇಕಾದರೆ ಒಂದು ಲಕ್ಷ ಓದುಗರು ಬೇಕು. ಇಲ್ಲಿನ ಅಂಕಿಗಳು ಕೇವಲ ಉದಾಹರಣೆ. ವಸ್ತುವಿನ ಬೆಲೆ, ಕಮಿಷನ್ ದರ, ಓದುಗರ ಅಗತ್ಯ ಬದಲಾದಂತೆ ಫಲವೂ ಬದಲಾಗುತ್ತದೆ. ಆದರೆ ಲೆಕ್ಕದ ಹಾದಿ ಮಾತ್ರ ಇದೇ. 'ಮೊದಲ ತಿಂಗಳೇ 50,000 ರೂಪಾಯಿ' ಎನ್ನುವ ಜಾಹೀರಾತು ಕಂಡಾಗ ಈ ಹಾದಿಯಲ್ಲಿ ಹಿಂದಕ್ಕೆ ನಡೆದು, ಅಷ್ಟು ಓದುಗರು ಎಲ್ಲಿಂದ ಬರಬೇಕು ಎಂದು ಕೇಳಿಕೊಳ್ಳಬೇಕು.

ಕಂಪನಿಗಳ ಕಟ್ಟುಪಾಡುಗಳೂ ಇವೆ. ಅಮೆಜಾನ್ ಯೋಜನೆಗೆ ಸೇರಲು ಶುಲ್ಕವಿಲ್ಲ. ಆದರೆ 180 ದಿನಗಳೊಳಗೆ ಕನಿಷ್ಠ 3 ಮಾರಾಟಗಳಾದರೂ ಆಗದಿದ್ದರೆ ಖಾತೆ ರದ್ದಾಗುತ್ತದೆ. ಕೊಂಡಿಯ ಅವಧಿ ಸಾಮಾನ್ಯವಾಗಿ 24 ಗಂಟೆ ಮಾತ್ರ. ಸ್ವಂತ ಕೊಂಡಿಯಿಂದ ತಾನೇ ಕೊಂಡು ಕಮಿಷನ್ ಪಡೆಯುವಂತೆಯೂ ಇಲ್ಲ.

ವೈರ್‌ಕಟರ್ ಕಲಿಸಿದ ಪಾಠ

ಹಾಗಾದರೆ ಇದರಲ್ಲಿ ಗೆದ್ದವರೇ ಇಲ್ಲವೇ? ಇದ್ದಾರೆ. ಅವರ ಗೆಲುವಿನ ಬಗೆಯನ್ನು ಗಮನಿಸುವುದು ಒಳ್ಳೆಯದು.

ಗ್ಯಾಜೆಟ್‌ಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಪತ್ರಕರ್ತ ಬ್ರಿಯಾನ್ ಲ್ಯಾಮ್ 2011ರಲ್ಲಿ 'ವೈರ್‌ಕಟರ್' ಎಂಬ ಜಾಲತಾಣ ಆರಂಭಿಸಿದರು. ದಿನಕ್ಕೆ ಹತ್ತಾರು ಸುದ್ದಿ ಬರೆದು ಓದುಗರನ್ನು ಸೆಳೆಯುವುದು ಆಗಿನ ರೂಢಿ. ಲ್ಯಾಮ್ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರು. ಬರೆಯುವುದು ಕಡಿಮೆ, ಪರೀಕ್ಷಿಸುವುದು ಹೆಚ್ಚು ಎಂಬುದು ಅವರ ನೀತಿಯಾಯಿತು. ಒಂದು ಬಗೆಯ ವಸ್ತುವಿನಲ್ಲಿ ಹಲವಾರನ್ನು ತಂದು, ದಿನಗಟ್ಟಲೆ ಬಳಸಿ, ಹೆಚ್ಚಿನವರಿಗೆ ಇದು ಸಾಕು ಎಂದು ಒಂದನ್ನು ತೋರಿಸುವುದು, ಆಯ್ಕೆಗೆ ಕಾರಣ ಕೊಡುವುದು, ಅದರ ಕೊರತೆಯನ್ನೂ ಮುಚ್ಚಿಡದೆ ಹೇಳುವುದು. ಆದಾಯದ ಮುಖ್ಯ ಮೂಲ ಕೊಂಡಿಗಳ ಕಮಿಷನ್. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನೂ ಇದರ ಸೋದರ ಜಾಲತಾಣವನ್ನೂ ಸುಮಾರು 3 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಪತ್ರಿಕೆ ಕೊಂಡದ್ದು ಏನನ್ನು? ಕೊಂಡಿಗಳನ್ನು ಯಾರು ಬೇಕಾದರೂ ಇಡಬಹುದು. 'ಇವರು ಹೇಳಿದರೆ ಸರಿ ಇರುತ್ತದೆ' ಎಂಬ ಓದುಗರ ನಂಬಿಕೆಗೆ ಕಟ್ಟಿದ ಬೆಲೆ ಅದು. ಈ ಕಸುಬಿನ ನಿಜವಾದ ಬಂಡವಾಳ ಇರುವುದು ಇಲ್ಲಿಯೇ. ಕಮಿಷನ್ ಕೊಡುವವನು ಅಂಗಡಿಯವನಾದರೂ ಬರಹಗಾರನನ್ನು ಸಾಕುವವನು ಓದುಗ. 'ಇದನ್ನು ಕೊಳ್ಳಬೇಡಿ, ಹಳೆಯದೇ ಸಾಕು' ಎಂದು ಅಗತ್ಯ ಬಿದ್ದಾಗ ಬರೆಯಬಲ್ಲವನ ಬಳಿಗೆ ಓದುಗ ಮತ್ತೆ ಬರುತ್ತಾನೆ. ಎಲ್ಲವನ್ನೂ ಹೊಗಳುವವನನ್ನು ಒಂದೇ ಬಾರಿ ನಂಬುತ್ತಾನೆ.

ದರ ಇಳಿದರೆ ಗತಿಯೇನು?

ನಂಬಿಕೆ ಗಳಿಸಿದವರಿಗೂ ಈ ಕಸುಬು ಹೊಯ್ಗಡಲ ದೋಣಿಯೇ. ಏಕೆಂದರೆ ದರ ನಿಗದಿ ಮಾಡುವ ಅಧಿಕಾರ ಅಂಗಡಿಯವರ ಕೈಯಲ್ಲಿದೆ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣ ಮತ್ತು ಮನೆ ದುರಸ್ತಿ ಸಾಮಗ್ರಿಗಳ ಕಮಿಷನ್ನನ್ನು ಶೇ 8ರಿಂದ ಶೇ 3ಕ್ಕೂ, ದಿನಸಿಯದನ್ನು ಶೇ 5ರಿಂದ ಶೇ 1ಕ್ಕೂ ಇಳಿಸಿತು. ಕೊರೋನಾ ಕಾಲದಲ್ಲಿ ಇದನ್ನೇ ನೆಚ್ಚಿಕೊಂಡಿದ್ದವರ ಆದಾಯ ಕೆಲವೇ ದಿನಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಅವರ ಬರಹದಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನೊಂದು ಕೀಲಿ ಗೂಗಲ್ ಬಳಿ ಇದೆ. ಹುಡುಕಾಟದ ಪುಟದಲ್ಲಿ ಮೇಲೆ ಬರುವ ಲೇಖನಕ್ಕೆ ಓದುಗರು ಸಿಗುತ್ತಾರೆ, ಕೆಳಗೆ ಜಾರಿದ್ದಕ್ಕೆ ಸಿಗುವುದಿಲ್ಲ. ಪರೀಕ್ಷಿಸದೆ ಬರೆದ ವಿಮರ್ಶೆಗಳನ್ನು ಕೆಳಗೆ ತಳ್ಳಲು 2021ರಿಂದ ಗೂಗಲ್ ಹಲವು ಬಾರಿ ತನ್ನ ಲೆಕ್ಕಾಚಾರ ಬದಲಿಸಿದೆ. 2024ರಿಂದ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಸಾರಾಂಶವನ್ನು ಪುಟದ ಮೇಲ್ಭಾಗದಲ್ಲೇ ತೋರಿಸುತ್ತಿದೆ. ಅದನ್ನು ಓದಿ ತೃಪ್ತನಾದವನು ಲೇಖನದ ತನಕ ಬರುವುದೇ ಇಲ್ಲ. ವೈರ್‌ಕಟರ್ ಕೂಡ 2021ರಲ್ಲಿ ಓದುಗರಿಂದ ಚಂದಾ ಪಡೆಯಲು ಆರಂಭಿಸಿತು ಎಂಬುದನ್ನು ನೆನಪಿಡಬೇಕು. ಕೊಂಡಿಯ ಹಣವೊಂದನ್ನೇ ನಂಬಿ ಓದು ನಿಲ್ಲಿಸುವ ಯೋಚನೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇಷ್ಟು ಸಾಕು.

ಹೆಸರೊಂದೇ, ವ್ಯವಹಾರ ಬೇರೆ

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. 'ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸುತ್ತೇವೆ' ಎಂದು ಕೆಲವರು ವಿದ್ಯಾರ್ಥಿಗಳನ್ನು ಸಂಪರ್ಕಿಸುತ್ತಾರೆ. ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಒಂದಷ್ಟು ವಿಡಿಯೋ ಪಾಠ ಕೊಡುತ್ತಾರೆ. ಆಮೇಲೆ ಹಣ ಸಂಪಾದಿಸುವ ಬಗೆ ಕೇಳಿದರೆ, 'ಇದೇ ಪಾಠವನ್ನು ನಿನ್ನ ಗೆಳೆಯರಿಗೆ ಮಾರು, ಅವರು ಕಟ್ಟಿದ ಹಣದಲ್ಲಿ ನಿನಗೆ ಪಾಲು' ಎನ್ನುತ್ತಾರೆ. ಬಾಡಿಗೆ ಕಾರಿನ ಪಕ್ಕ ತೆಗೆಸಿಕೊಂಡ ಫೋಟೋ, ಬ್ಯಾಂಕ್ ಖಾತೆಯ ಚಿತ್ರ, ಹೋಟೆಲ್ ಸಭಾಂಗಣದ ಚಪ್ಪಾಳೆ ಎಲ್ಲವೂ ಜತೆಗಿರುತ್ತವೆ.

ಇದು ದಲ್ಲಾಳಿ ವ್ಯವಹಾರವೂ ಅಲ್ಲ, ಬರಹವೂ ಅಲ್ಲ. ಹಿಂದೆ ಬಂದವನ ಹಣವನ್ನು ಮುಂದೆ ಬಂದವನಿಗೆ ಕೊಡುವ ಸರಪಳಿ. ಸರಪಳಿ ಉದ್ದವಾದಂತೆ ಸೇರಿಸಲು ಹೊಸ ಗೆಳೆಯರು ಉಳಿಯುವುದಿಲ್ಲ. ಕೊನೆಯಲ್ಲಿ ಸೇರಿದವರು ಹಣವನ್ನು ಕಳೆದುಕೊಳ್ಳುತ್ತಾರೆ. ಅವರನ್ನು ಸೇರಿಸಿದವನು ಸ್ನೇಹವನ್ನು ಕಳೆದುಕೊಳ್ಳುತ್ತಾನೆ. ಹೊಸಬರನ್ನು ಸೇರಿಸಿದ್ದಕ್ಕಾಗಿಯೇ ಹಣ ಕೊಡುವ ಹಣ ಚಲಾವಣೆ ಯೋಜನೆಗಳನ್ನು ನಮ್ಮ ದೇಶ 1978ರ ಕಾಯ್ದೆಯಲ್ಲೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಟ್ಟಿಲ್ಲ.

ಪಾಲಕರು ಒಂದೇ ಪ್ರಶ್ನೆ ಕೇಳಿದರೆ ಸಾಕು: 'ಈ ಕಮಿಷನ್ ಯಾರ ಹಣ?' ಒಂದು ವಸ್ತು ಬೇಕಾಗಿದ್ದವನು ಅದನ್ನು ಕೊಂಡಾಗ ಅಂಗಡಿಯವನು ಕೊಟ್ಟ ಪಾಲಾದರೆ ಅದು ಸರಿಯಾದ ವ್ಯವಹಾರ. ಮಗಳ ಸಹಪಾಠಿ ಕಟ್ಟಿದ ಸೇರ್ಪಡೆ ಶುಲ್ಕವಾದರೆ ಅಲ್ಲಿಂದ ದೂರವಿರುವುದೇ ಲೇಸು.

ಕಾನೂನು ಏನೆನ್ನುತ್ತದೆ?

ಕಮಿಷನ್ ಬರುತ್ತದೆ ಎಂಬುದನ್ನು ಓದುಗನಿಂದ ಮುಚ್ಚಿಡುವಂತಿಲ್ಲ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ವಸ್ತುವನ್ನು ಹೊಗಳುವವರಿಗೂ ಮಾರುವವರಿಗೂ ನಡುವೆ ಹಣದ ಸಂಬಂಧವಿದ್ದರೆ ಅದನ್ನು ತಿಳಿಸಬೇಕೆಂದು ಅದು ಹೇಳುತ್ತದೆ. ದಾರಿತಪ್ಪಿಸಿದವರಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 'ಈ ಕೊಂಡಿಯಿಂದ ಕೊಂಡರೆ ಬರಹಗಾರರಿಗೆ ಕಮಿಷನ್ ಸಿಗುತ್ತದೆ' ಎಂಬ ಒಂದು ಸಾಲನ್ನು ಲೇಖನದ ಆರಂಭದಲ್ಲೇ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕಮಿಷನ್ನಿನ ಆಸೆ ತೋರಿಸುವವರಲ್ಲಿ ಬೆಟ್ಟಿಂಗ್ ಆ್ಯಪ್‌ಗಳವರೂ ಇದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅವುಗಳ ಪ್ರಚಾರವನ್ನೂ ಅಪರಾಧವೆಂದು ಸಾರಿದೆ. ಅಂಥ ಕೊಂಡಿಯನ್ನು ಮುಟ್ಟದಿರುವುದು ಕ್ಷೇಮ. ಕಳ್ಳದಾರಿಗೂ ಶಿಕ್ಷೆ ತಪ್ಪಿದ್ದಲ್ಲ. ಓದುಗರಿಗೆ ಗೊತ್ತಾಗದಂತೆ ಅವರ ಕಂಪ್ಯೂಟರಿಗೆ ಕುಕಿ ತುರುಕಿ ಇಬೇ ಕಂಪನಿಯಿಂದ ಭಾರಿ ಕಮಿಷನ್ ಪಡೆದಿದ್ದ ಇಬ್ಬರಿಗೆ 2014ರಲ್ಲಿ ಅಮೆರಿಕದ ನ್ಯಾಯಾಲಯ ಸೆರೆವಾಸ ವಿಧಿಸಿತು.

ವಯಸ್ಸಿನ ಪ್ರಶ್ನೆಯೂ ಇದೆ. ಭಾರತೀಯ ಕರಾರು ಕಾಯ್ದೆಯಂತೆ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಪಿಯುಸಿ ಓದುವ ಮಕ್ಕಳು ಬರೆಯುವುದನ್ನು ಕಲಿಯಲಿ, ಕಮಿಷನ್ ಖಾತೆಗೆ ಕಾಯಲಿ. ಬಂದ ಹಣ ಆದಾಯವೇ ಆದ್ದರಿಂದ ಪ್ಯಾನ್ ಕಾರ್ಡ್ ಬೇಕು, ತೆರಿಗೆಯ ಲೆಕ್ಕಕ್ಕೂ ಅದನ್ನು ಸೇರಿಸಬೇಕು.

ಕನ್ನಡದಲ್ಲಿ ಸಾಧ್ಯವೇ?

ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಲ್ಲಿ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಮಾಡಿಕೊಟ್ಟವು. ಕನ್ನಡದಲ್ಲೇ ಓದಿ, ಯೋಚಿಸಿ ಕೊಳ್ಳುವ ಗ್ರಾಹಕರು ಇದ್ದಾರೆ ಎಂಬುದನ್ನು ವ್ಯಾಪಾರಿಗಳೇ ಒಪ್ಪಿಕೊಂಡಂತಾಯಿತು. ಇಂಗ್ಲಿಷಿಗೆ ಹೋಲಿಸಿದರೆ ಓದುಗರ ಸಂಖ್ಯೆ ಕಡಿಮೆ, ನಿಜ. ಆದರೆ ಕನ್ನಡದ ಬರಹಗಾರನಿಗೆ ಮಾತ್ರ ಗೊತ್ತಿರುವ ಸಂಗತಿಗಳೂ ಇವೆ. ಅಡಿಕೆ ಕೊಯ್ಲಿನ ಕಾರ್ಬನ್ ಫೈಬರ್ ದೋಟಿ ಎತ್ತರದ ಮರಕ್ಕೆ ಚಾಚಿದಾಗ ಎಷ್ಟು ಬಾಗುತ್ತದೆ, ಮಳೆಗಾಲದ ತೋಟದಲ್ಲಿ ಯಾವ ಕಳೆ ಕೊಚ್ಚುವ ಯಂತ್ರ ಕೈಕೊಡುತ್ತದೆ, ದೋಸೆ ಹಿಟ್ಟಿಗೆ ಯಾವ ಗ್ರೈಂಡರ್ ಸಾಕು, ಕೆಎಎಸ್ ಪರೀಕ್ಷೆಗೆ ಯಾವ ಪುಸ್ತಕದ ಕನ್ನಡ ಸರಳವಾಗಿದೆ ಎಂಬುದನ್ನು ದೂರದೇಶದ ಬರಹಗಾರ ಹೇಳಲಾರ. ತೋಟದ ಮನೆಯ ಹುಡುಗ, ಪರೀಕ್ಷೆಗೆ ಓದುತ್ತಿರುವ ಹುಡುಗಿ ಹೇಳಬಲ್ಲರು.

ಆಸಕ್ತಿ ಇರುವ ವಿದ್ಯಾರ್ಥಿ ಮೊದಲ ವರ್ಷ ಕೊಂಡಿಯ ಗೋಜಿಗೇ ಹೋಗದೆ, ತಾನು ಕೈಯಾರೆ ಬಳಸಿದ, ಕಣ್ಣಾರೆ ಓದಿದ ವಸ್ತುಗಳ ಬಗ್ಗೆ ವಾರಕ್ಕೊಂದು ಲೇಖನ ಬರೆಯಬಹುದು. ವರ್ಷದ ಕೊನೆಗೆ ಐವತ್ತು ಲೇಖನಗಳಾಗುತ್ತವೆ. ಹಣ ಬರಲಿ, ಬಾರದಿರಲಿ, ಅಷ್ಟರಲ್ಲಿ ಒಂದು ವಸ್ತುವನ್ನು ಹೋಲಿಸಿ ನೋಡುವ ಕಣ್ಣು, ಅದನ್ನು ನಾಲ್ಕು ಜನರಿಗೆ ತಿಳಿಯುವಂತೆ ಬರೆಯುವ ಕೈ ಪಳಗಿರುತ್ತದೆ. ಈ ಕಲಿಕೆ ಯಾವ ಉದ್ಯೋಗಕ್ಕೆ ಹೋದರೂ ಉಪಯೋಗಕ್ಕೆ ಬರುವಂಥದು. ಪಾಲಕರೂ ವರ್ಷದ ಕೊನೆಯಲ್ಲಿ ಎಷ್ಟು ಹಣ ಬಂತು ಎಂದು ಕೇಳುವ ಮೊದಲು, ಒಂದೆರಡು ಲೇಖನ ಓದಿ ನೋಡುವುದು ಒಳ್ಳೆಯದು. ಅದನ್ನು ನಂಬಿ ತಾವೇ ಒಂದು ಮಿಕ್ಸಿ ಕೊಳ್ಳಬಹುದು ಎನ್ನಿಸಿದರೆ ಮಕ್ಕಳು ಸರಿದಾರಿಯಲ್ಲಿದ್ದಾರೆ ಎಂದೇ ಅರ್ಥ.