ರಿಪೋರ್ಟ್ ನಾರ್ಮಲ್, ನೋವು ನಿಜ

ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವಾಗ ನನ್ನ ಅಕ್ಕನಿಗೆ ದಾರಿಯ ಊರುಗಳು ನೆನಪಿರುತ್ತಿದ್ದುದು ಶೌಚಾಲಯಗಳಿಂದ. ಚನ್ನರಾಯಪಟ್ಟಣದಲ್ಲಿ ನಿಲ್ದಾಣದ ಹಿಂಬದಿಯದು, ಬೆಳ್ಳೂರು ಕ್ರಾಸಿನಲ್ಲಿ ಹೋಟೆಲಿನದು, ಕುಣಿಗಲ್ ದಾಟಿದ ಮೇಲೆ ಪೆಟ್ರೋಲ್ ಬಂಕಿನದು. ಯಾವ ಬಾಗಿಲಿಗೆ ಚಿಲಕವಿದೆ, ಎಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಅಷ್ಟಾದರೂ ನೆಲಮಂಗಲ ಬರುವ ಹೊತ್ತಿಗೆ ಕಿಬ್ಬೊಟ್ಟೆ ಹಿಡಿದುಕೊಂಡು, ಮುಖ ಬಿಗಿದುಕೊಂಡು ಕೂತಿರುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅವಳು. ಮಕ್ಕಳಿಂದ ಮೂತ್ರಪಿಂಡದ ಚಿತ್ರ ಬರೆಸಿ ಭಾಗಗಳನ್ನು ಗುರುತು ಮಾಡಿಸುವವಳು ತನ್ನ ಉರಿಯ ಬಗ್ಗೆ ವರ್ಷಗಟ್ಟಲೆ ನಮ್ಮ ಹತ್ತಿರವೂ ಸರಿಯಾಗಿ ಬಾಯಿ ಬಿಡಲಿಲ್ಲ.

ಅಮ್ಮನಿಗೆ ಮಾತ್ರ ಗೊತ್ತಿತ್ತು. "ಉಷ್ಣ ಆಗಿದೆ ಕಣೇ" ಎಂದು ಬಾರ್ಲಿ ನೀರು ಕಾಯಿಸಿಕೊಟ್ಟರು, ಅಂಗಾಲಿಗೆ ಹರಳೆಣ್ಣೆ ಹಚ್ಚಿದರು. ಅದಕ್ಕೂ ಜಗ್ಗದಿದ್ದಾಗ ಮೆಡಿಕಲ್ ಶಾಪಿನಿಂದ ಇನ್ಫೆಕ್ಷನ್ ಮಾತ್ರೆ ಬಂತು. ಐದು ದಿನದ ಕೋರ್ಸ್ ಮುಗಿಯಿತು, ತಿಂಗಳು ಬಿಟ್ಟು ಮತ್ತೆ ಅದೇ ಕೋರ್ಸ್. ಕೊನೆಗೊಮ್ಮೆ ಯೂರಿನ್ ಕಲ್ಚರ್ ಮಾಡಿಸಿದಾಗ ಅದರಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಸ್ಕ್ಯಾನಿಂಗ್ ನಾರ್ಮಲ್, ಸಕ್ಕರೆ ನಾರ್ಮಲ್. "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಮೇಡಂ" ಎಂದು ಒಬ್ಬ ವೈದ್ಯರು ಫೈಲು ಮಡಚಿ ಕೊಟ್ಟರು. ಆವತ್ತು ಅವಳು ಮನೆಗೆ ಬಂದು ನನ್ನನ್ನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ: "ಎಲ್ಲಾ ನಾರ್ಮಲ್ ಅಂದ್ಮೇಲೆ ಈ ಉರಿ ಎಲ್ಲಿಂದ ಬರ್ತಿದೆ? ನಾನೇನು ಸುಳ್ಳು ಹೇಳ್ತಿದೀನಾ?"

ಸುಳ್ಳಲ್ಲ. ಈ ಕಾಯಿಲೆಗೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎಂಬ ಹೆಸರಿದೆ. ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಮೂತ್ರಕೋಶ ತುಂಬುತ್ತಾ ಬಂದ ಹಾಗೆ ನೋವು, ಖಾಲಿಯಾದರೆ ತುಸು ಹೊತ್ತು ನಿರಾಳ, ಮತ್ತೆ ಅದೇ ಸುತ್ತು. ಸೋಂಕು ಅಥವಾ ಬೇರೆ ಕಾರಣ ಕಾಣದೆ ಇದು ಆರು ವಾರಕ್ಕಿಂತ ಹೆಚ್ಚು ಕಾಲ ಮುಂದುವರಿದರೆ ಈ ಹೆಸರಿನ ಮಾತು ಬರುತ್ತದೆ. ಹೆಂಗಸರಲ್ಲಿ ಹೆಚ್ಚು. ಗಂಡಸರಲ್ಲಿಯೂ ಉಂಟು, ಆದರೆ ಅವರ ನೋವಿಗೆ ಸಾಮಾನ್ಯವಾಗಿ ಪ್ರಾಸ್ಟೇಟ್ ಊತ ಎಂಬ ಚೀಟಿ ಅಂಟುತ್ತದೆ. ಕ್ರಿಮಿಯೇ ಸಿಗದ ಆ 'ಪ್ರಾಸ್ಟಟೈಟಿಸ್'ಗೂ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಬರೆಸಿಕೊಂಡು ಅಲೆಯುವವರಿದ್ದಾರೆ.

ಹೆಸರು ಹಳೆಯದು, 1887ರಷ್ಟು ಹಿಂದಿನದು. 1915ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸ್ತ್ರೀರೋಗ ತಜ್ಞ ಗೈ ಹನ್ನರ್ ಕೆಲವು ಹೆಂಗಸರ ಮೂತ್ರಕೋಶದ ಒಳಗೋಡೆಯಲ್ಲಿ ಕಂಡ ಹುಣ್ಣನ್ನು ವಿವರಿಸಿದ. ಅದು ಇಂದಿಗೂ ಹನ್ನರ್ ಹುಣ್ಣು. ತೊಂದರೆ ಏನಾಯಿತೆಂದರೆ, ಆ ಹುಣ್ಣು ಕಾಣುವುದು ಈ ನೋವಿರುವ ಕೆಲವರಲ್ಲಿ ಮಾತ್ರ. ಉಳಿದವರ ಒಳಗೆ ಕ್ಯಾಮೆರಾ ಇಳಿಸಿದರೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಕಣ್ಣಿಗೆ ಕಾಣದ್ದು ಮನಸ್ಸಿನದು ಎಂದು ತೀರ್ಮಾನಿಸಿ, ದಶಕಗಳ ಕಾಲ ಈ ಹೆಂಗಸರನ್ನು ನರದೌರ್ಬಲ್ಯದ ಲೆಕ್ಕಕ್ಕೆ ಬರೆದರು. ವಿಕಿ ರಾಟ್ನರ್ ಎಂಬ ವೈದ್ಯಕೀಯ ವಿದ್ಯಾರ್ಥಿನಿ ತನಗೇ ಈ ನೋವು ಬಂದು, ಕಂಡ ವೈದ್ಯರೆಲ್ಲ ಕೈಚೆಲ್ಲಿದ ಮೇಲೆ, ಗ್ರಂಥಾಲಯದಲ್ಲಿ ಕೂತು ತನ್ನ ಕಾಯಿಲೆಯ ಹೆಸರನ್ನು ತಾನೇ ಹುಡುಕಿಕೊಂಡರು. 1984ರಲ್ಲಿ ರೋಗಿಗಳ ಸಂಘ ಕಟ್ಟಿದರು. ಆ ಬಳಿಕವೇ ಸಂಶೋಧನೆಗೆ ವೇಗ ಬಂದದ್ದು. ವೈದ್ಯೆ ಆಗಲಿದ್ದವರ ಪಾಡೇ ಹೀಗಾದರೆ ಹಾಸನದ ಮೇಷ್ಟ್ರಮ್ಮನ ಪಾಡು ಬೇರೆ ಹೇಗಿರಲು ಸಾಧ್ಯ?

ಮನೆಯ ಆರೈಕೆಯ ಮಾತಿಗೆ ಹೋಗುವ ಮೊದಲು ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಅದು ನೋವಿಲ್ಲದೆ ಬಂದರೂ, ಒಂದೇ ಸಲ ಬಂದು ನಿಂತರೂ, ಯೂರಾಲಜಿಸ್ಟ್ ನೋಡಲೇಬೇಕು. ಚಳಿಜ್ವರ, ಪಕ್ಕೆನೋವು, ಮೂತ್ರ ಕಟ್ಟಿಕೊಳ್ಳುವುದು, ತೂಕ ಇಳಿಯುವುದು ಇವುಗಳಿಗೂ ಕಾಯುವ ಮಾತಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಸಂಗತಿ: ಮೂತ್ರದಲ್ಲಿ ಕೀವಿನ ಕಣಗಳಿವೆ, ಆದರೆ ಕಲ್ಚರ್‌ನಲ್ಲಿ ಏನೂ ಬೆಳೆಯುತ್ತಿಲ್ಲ ಎಂದರೆ ಮೂತ್ರಾಂಗದ ಕ್ಷಯ ಇರಬಹುದು. ಅದನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಲ್ಲು, ಸಕ್ಕರೆ ಕಾಯಿಲೆ, ಎಂಡೊಮೆಟ್ರಿಯೋಸಿಸ್ ಇವೆಲ್ಲ ಇಲ್ಲ ಎಂದು ಖಾತ್ರಿಯಾದ ಮೇಲಿನ ಮಾತು ಮುಂದಿನದು.

ಅಮೆರಿಕದ ಯೂರಾಲಜಿ ಸಂಘ ಈ ಕಾಯಿಲೆಗೆಂದು 2011ರಲ್ಲಿ ಚಿಕಿತ್ಸಾ ಸೂತ್ರ ಪ್ರಕಟಿಸಿತು. ಅದರಲ್ಲಿ ಮೊದಲ ಹಂತಕ್ಕೆ ಬಂದದ್ದು ಮಾತ್ರೆಯಲ್ಲ: ಕಾಯಿಲೆಯನ್ನು ರೋಗಿಗೆ ಬಿಡಿಸಿ ಹೇಳುವುದು, ಆಹಾರ–ಅಭ್ಯಾಸಗಳ ಸ್ವಂತ ಆರೈಕೆ, ಮನಸ್ಸಿನ ಒತ್ತಡ ಇಳಿಸುವುದು. ದೀರ್ಘಕಾಲ ಆ್ಯಂಟಿಬಯಾಟಿಕ್ ನುಂಗಿಸಬೇಡಿ ಎಂದೂ ಅದೇ ಸೂತ್ರ ಹೇಳುತ್ತದೆ. ಮಾತ್ರೆಗಳಿವೆ, ಕೆಲವರಿಗೆ ಉಪಕಾರವೂ ಆಗುತ್ತದೆ. ಆದರೆ 1996ರಲ್ಲಿ ಅಲ್ಲಿ ಮಂಜೂರಾದ ಪೆಂಟೋಸಾನ್ ಎಂಬ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡ ಕೆಲವರ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾದದ್ದು 2018ರಲ್ಲಿ ಬೆಳಕಿಗೆ ಬಂತು. ಆ ಮಾತ್ರೆ ತೆಗೆದುಕೊಳ್ಳುವವರು ಕಣ್ಣಿನ ತಪಾಸಣೆ ಮರೆಯಬಾರದು. ಮನೆಯ ಆರೈಕೆ ಎಂದರೆ ಬೇರೆ ದಾರಿ ಕಾಣದವರ ಸಮಾಧಾನ ಎಂದು ನಾನೂ ತಿಳಿದಿದ್ದೆ. ವೈದ್ಯರ ಪಟ್ಟಿಯಲ್ಲೇ ಅದಕ್ಕೆ ಮೊದಲ ಮಣೆ ಎಂದು ಓದಿದ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಅವಳು ಶುರು ಮಾಡಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಿಂದ. ಎಷ್ಟು ಗಂಟೆಗೆ ಏನು ಕುಡಿದೆ, ಎಷ್ಟು ಗಂಟೆಗೆ ಹೋದೆ, ಎಷ್ಟು ಮಿಲಿಲೀಟರ್, ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು. ಅಳತೆಗೆ ಹಳೆಯ ಅಳತೆ ಲೋಟ. ಮೂರು ದಿನ ಹೀಗೆ ಬರೆದರೂ ವೈದ್ಯರಿಗೆ ಅದು ದೊಡ್ಡ ಸುಳಿವು. ದೊಡ್ಡವರ ಮೂತ್ರಕೋಶದಲ್ಲಿ ಸಲೀಸಾಗಿ 400 ಮಿಲಿಲೀಟರ್ ಹಿಡಿಯುತ್ತದೆ. ಅವಳದು 80, 100 ಆಗುವಷ್ಟರಲ್ಲಿ ಕೂಗುತ್ತಿತ್ತು. ಎಲ್ಲಿಗೆ ಹೊರಟರೂ 'ಯಾವುದಕ್ಕೂ ಇರಲಿ' ಎಂದು ಒಮ್ಮೆ ಹೋಗಿಬರುವ ಅಭ್ಯಾಸ ಆ ಕೂಗನ್ನು ಇನ್ನಷ್ಟು ಬಲಪಡಿಸಿತ್ತು. ನೋವು ಕಡಿಮೆ ಇರುವ ದಿನಗಳಲ್ಲಿ ಎರಡು ಸರದಿಗಳ ನಡುವಿನ ಅಂತರವನ್ನು ಹತ್ತು, ಹದಿನೈದು ನಿಮಿಷ ಹಿಗ್ಗಿಸುತ್ತಾ ಹೋಗುವುದು ಒಂದು ಪಾಠ. ನೋವು ಕೆರಳಿದ ದಿನ ಹಠ ಬೇಡ.

ನೀರಿನ ಕಥೆ ಬೇರೆಯೇ. ಉರಿಯ ಭಯಕ್ಕೆ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ, ಕಡುಹಳದಿಯಾಗಿ, ಕೆರಳಿರುವ ಗೋಡೆಯನ್ನು ಇನ್ನೂ ಕೆರಳಿಸುತ್ತದೆ. ಸೋಂಕು ಮರುಕಳಿಸುವವರಿಗಂತೂ ನೀರೇ ಔಷಧ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಸೋಂಕು ಮತ್ತೆ ಮತ್ತೆ ಬರುತ್ತಿದ್ದ 140 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಯಲು ಹೇಳಿದ್ದರು. ವರ್ಷದಲ್ಲಿ ಅವರಿಗೆ ಬಂದ ಸೋಂಕು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ. ಒಂದೇ ಸಲಕ್ಕೆ ಚೆಂಬುಗಟ್ಟಲೆ ಸುರಿದುಕೊಳ್ಳುವುದಕ್ಕಿಂತ ಗುಟುಕು ಗುಟುಕಾಗಿ ದಿನವಿಡೀ ಕುಡಿಯುವುದು ಒಳ್ಳೆಯದು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಅಡುಗೆಮನೆಗೆ ಬಂದರೆ ಕಷ್ಟ ಶುರು. ಈ ನೋವು ಇರುವವರಲ್ಲಿ ಬಹುಮಂದಿ ಯಾವುದೋ ಒಂದು ತಿನಿಸು ತಮಗೆ ಆಗುವುದಿಲ್ಲ ಎನ್ನುತ್ತಾರೆ. ಕಾಫಿ, ಟೀ, ಸೋಡಾ, ಮದ್ಯ, ನಿಂಬೆ–ಕಿತ್ತಳೆ, ಟೊಮೆಟೊ, ಮೆಣಸಿನಕಾಯಿ ಪಟ್ಟಿಯ ಮೊದಲಿಗೆ ಬರುತ್ತವೆ. ಹಾಸನದವರಿಗೆ ಕಾಫಿ ಬಿಡು ಎಂದರೆ ಹೇಗೆ? ಸಾರಿಗೆ ಹುಣಸೆ, ಚಿತ್ರಾನ್ನಕ್ಕೆ ನಿಂಬೆ, ಊಟದ ಕೊನೆಗೆ ಉಪ್ಪಿನಕಾಯಿ ಇಲ್ಲ ಎಂದರೆ ಎಲೆಯಲ್ಲಿ ಉಳಿಯುವುದೇನು? ಹಾಗೆಂದು ಪಟ್ಟಿ ಹಿಡಿದು ಎಲ್ಲವನ್ನೂ ಬಿಟ್ಟರೆ ಸೊರಗುವುದು ಖಂಡಿತ. ಎರಡು ಮೂರು ವಾರ ಅನುಮಾನದ ಪದಾರ್ಥಗಳನ್ನು ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ಸೇರಿಸಿ ನೋಡುವುದು ಸರಿಯಾದ ಕ್ರಮ. ಅಕ್ಕ ಆ ದಿನಗಳಲ್ಲಿ ಹೆಸರುಬೇಳೆ ತೊವ್ವೆ, ಸೋರೆಕಾಯಿ ಪಲ್ಯ, ರಾಗಿ ಗಂಜಿ, ಹುಳಿ ಬರದ ಮಜ್ಜಿಗೆಯ ಮೇಲೆ ಇದ್ದಳು. ಕೊನೆಗೆ ಗೊತ್ತಾದದ್ದು, ಅವಳಿಗೆ ಹುಣಸೆ ಏನೂ ಮಾಡುವುದಿಲ್ಲ. ಹಸಿಮೆಣಸಿನಕಾಯಿ ಮತ್ತು ಎರಡನೆಯ ಲೋಟದ ಕಾಫಿ ಆಗುವುದಿಲ್ಲ. ಮೊದಲ ಲೋಟ ಉಳಿದುಕೊಂಡಿತು! ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತಲೇ ಇರುತ್ತದೆ.

ಇಷ್ಟಾಗಿಯೂ ನನ್ನ ಕಣ್ಣು ತೆರೆಸಿದ್ದು ಸ್ನಾಯುಗಳ ವಿಚಾರ. ಮುಂದಿನ ಜಘನದ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳ ಒಂದು ಜೋಲಿ ಕಟ್ಟಿದೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು ಅದರಲ್ಲಿ ಮಲಗಿವೆ. ನೋವಿಗೆ ಹೆದರಿ, ಮೂತ್ರ ಬಿಗಿಹಿಡಿದು ಹಿಡಿದು, ಈ ಜೋಲಿ ಮುಷ್ಟಿಯಂತೆ ಬಿಗಿದುಕೊಳ್ಳುತ್ತದೆ. ಬಿಗಿದ ಸ್ನಾಯು ತಾನೇ ನೋಯತೊಡಗುತ್ತದೆ. ತೊಡೆಸಂದಿ, ಸೊಂಟ, ಬಾಲಮೂಳೆಗಳಿಗೆಲ್ಲ ಆ ನೋವು ಹರಡುತ್ತದೆ. ದಾಂಪತ್ಯದಲ್ಲಿ ಕೂಡುವುದು ಶಿಕ್ಷೆಯಾಗುತ್ತದೆ. ಗಂಡನಿಗೆ ಹೇಳಲಾಗದೆ ನೆಪ ಹುಡುಕುವ, ಅದನ್ನು ಅವನು ಬೇಸರವೆಂದು ತಿಳಿಯುವ ಮನೆಗಳು ಎಷ್ಟೋ ಇವೆ. ಅಕ್ಕನ ಜೊತೆ ಭಾವನೂ ಒಂದು ದಿನ ಫಿಸಿಯೋಥೆರಪಿಸ್ಟ್ ಎದುರು ಕೂತು ಕೇಳಿಸಿಕೊಂಡರು. ಆಮೇಲೆ ಮನೆ ಹಗುರಾಯಿತು.

ಮೂತ್ರದ ತೊಂದರೆ ಎಂದೊಡನೆ ಎಲ್ಲರೂ ಹೇಳುವುದು ಕೀಗಲ್ ವ್ಯಾಯಾಮ. ಅಮೆರಿಕದ ಅರ್ನಾಲ್ಡ್ ಕೀಗಲ್ 1948ರಲ್ಲಿ ಅದನ್ನು ಬರೆದದ್ದು ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳಿಗೆ. ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವವರಿಗೆ ಅದು ಒಳ್ಳೆಯದೇ. ಆದರೆ ಈಗಾಗಲೇ ಬಿಗಿದಿರುವ ಸ್ನಾಯುವನ್ನು ಮತ್ತೆ ಬಿಗಿಯುವುದರಿಂದ ನೋವು ಏರುತ್ತದೆ. ಯೂರಾಲಜಿ ಸಂಘದ ಸೂತ್ರವೂ ಈ ಕಾಯಿಲೆಯಲ್ಲಿ ಅದು ಬೇಡ ಎನ್ನುತ್ತದೆ. ನಮ್ಮ ಯೋಗ ತರಗತಿಗಳಲ್ಲಿ ಹೇಳಿಕೊಡುವ ಮೂಲಬಂಧ, ಅಶ್ವಿನಿ ಮುದ್ರೆಗಳೂ ಇದೇ ಸ್ನಾಯುವನ್ನು ಮೇಲಕ್ಕೆಳೆಯುವ ಕ್ರಿಯೆಗಳು. ನೋವು ಇರುವಷ್ಟು ಕಾಲ ಅವನ್ನು ಬದಿಗಿಟ್ಟು ಬಾಲಾಸನ, ಸುಪ್ತ ಬದ್ಧಕೋನಾಸನ, ಗೋಡೆಗೆ ಒರಗಿ ಕೂರುವ ಮಲಾಸನ ಮಾಡಬಹುದು. ಉಸಿರು ಹೊಟ್ಟೆಗಿಳಿದಾಗ ವಪೆ ಕೆಳಕ್ಕೆ ಬರುತ್ತದೆ, ಅದರ ಜೊತೆಗೆ ಜೋಲಿಯೂ ತಗ್ಗುತ್ತದೆ. ಮಂಡಿ ಮಡಚಿ ಮಲಗಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ಹಾಗೆ ಉಸಿರಾಡುವುದು, ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ, ಸೊಂಟ ಮುಳುಗುವಷ್ಟು ಬೆಚ್ಚನೆ ನೀರಿನ ಟಬ್ಬಿನಲ್ಲಿ ಕಾಲು ಗಂಟೆ. ಅಕ್ಕನ ಸಂಜೆಯ ಔಷಧ ಇಷ್ಟೇ.

ತರಬೇತಾದ ಕೈ ಸಿಕ್ಕರೆ ಇನ್ನೂ ಚೆನ್ನ. 81 ಹೆಂಗಸರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಸ್ನಾಯುಗಳ ಗಂಟನ್ನೇ ಹುಡುಕಿ ಸಡಿಲಿಸುವ ಫಿಸಿಯೋಥೆರಪಿ ಪಡೆದವರಲ್ಲಿ 59 ಪ್ರತಿಶತ ಮಂದಿ ಗುಣ ಕಂಡರು. ಮೈಯೆಲ್ಲಾ ಮಾಡುವ ಸಾಮಾನ್ಯ ಮಸಾಜ್ ಪಡೆದವರಲ್ಲಿ ಗುಣ ಕಂಡವರು 26 ಪ್ರತಿಶತ. ಇಂಥ ಫಿಸಿಯೋಥೆರಪಿಸ್ಟರು ನಮ್ಮ ದೊಡ್ಡ ಊರುಗಳಲ್ಲೇ ವಿರಳ, ತಾಲ್ಲೂಕುಗಳಲ್ಲಿ ಕೇಳುವುದೇ ಬೇಡ. ಜಿಲ್ಲಾ ಆಸ್ಪತ್ರೆಗೊಬ್ಬರಾದರೂ ಇರಬೇಕೆಂದು ನಾವು ಗಟ್ಟಿಯಾಗಿ ಕೇಳಬೇಕು.

ಬಿಗಿಹಿಡಿಯುವುದನ್ನು ನಮ್ಮ ಹೆಂಗಸರು ಕಲಿತದ್ದು ಎಲ್ಲಿ? ಬಸ್ ಕಂಡಕ್ಟರು, ಗಾರ್ಮೆಂಟ್ಸ್ ಲೈನಿನಲ್ಲಿ ಟಾರ್ಗೆಟ್ ಮುಗಿಸುವವಳು, ರಸ್ತೆಯಲ್ಲಿ ನಿಂತ ಪೊಲೀಸಮ್ಮ, ಎಲ್ಲರೂ ನೀರು ಕುಡಿಯದೆ ದಿನ ದೂಡುವವರೇ. ಸಾರ್ವಜನಿಕ ಶೌಚಾಲಯದ ಕಮೋಡಿನ ಮೇಲೆ ಕೂರಲು ಹೇಸಿ ಅರ್ಧ ನಿಂತೇ ಮುಗಿಸುವಾಗ ಆ ಜೋಲಿ ಸಡಿಲುವುದಿಲ್ಲ, ಮೂತ್ರಕೋಶ ಪೂರ್ತಿ ಖಾಲಿಯಾಗುವುದೂ ಇಲ್ಲ. ಈ ಮಟ್ಟಿಗೆ ನೆಲಮಟ್ಟದ ಹಳೆಯ ಶೌಚಾಲಯವೇ ವಾಸಿ.

ಅಕ್ಕನಿಗೆ ಕಾಯಿಲೆ ವಾಸಿಯಾಗಿದೆ ಎಂದು ಬರೆಯಲಾರೆ. ಮದುವೆ ಮನೆಗಳ ಓಡಾಟವಾದರೆ, ಪರೀಕ್ಷೆಯ ಪೇಪರು ತಿದ್ದುವ ವಾರ ಬಂದರೆ ಉರಿ ತಿರುಗಿ ಬರುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ 100 ಇದ್ದ ಸಂಖ್ಯೆ 250ರ ಆಚೀಚೆ ನಿಂತಿದೆ, ರಾತ್ರಿ ಐದು ಸಲ ಏಳುತ್ತಿದ್ದವಳು ಒಂದು ಸಲ ಏಳುತ್ತಾಳೆ.

ಈ ಜೂನಿನಲ್ಲಿ ಶಾಲೆ ಶುರುವಾದಾಗ ಅವಳೊಂದು ವಿಷಯ ಗಮನಿಸಿದಳು. ಹತ್ತನೇ ತರಗತಿಯ ಹುಡುಗಿಯರು ಬೆಳಿಗ್ಗೆ ತಂದ ನೀರಿನ ಬಾಟಲಿಗಳನ್ನು ಸಂಜೆ ತುಂಬಿದ ಹಾಗೇ ವಾಪಸ್ ಒಯ್ಯುತ್ತಿದ್ದರು. ಕೇಳಿದರೆ ತಲೆ ತಗ್ಗಿಸಿದರು. ಕೊನೆಗೆ ಒಬ್ಬಳು, "ಟಾಯ್ಲೆಟ್ ಬಾಗ್ಲಿಗೆ ಚಿಲಕ ಇಲ್ಲ ಮಿಸ್" ಎಂದಳು. ಮರುದಿನ ಅಕ್ಕ ಪೇಟೆಯಿಂದ ಎರಡು ಚಿಲಕ ಕೊಂಡು, ಬಡಗಿಯನ್ನು ಕರೆದುಕೊಂಡೇ ಶಾಲೆಗೆ ಹೋದಳು.